ಕೂಸಿನ ಪಾಲು ಉಣ್ಣುವ ಬಿಸಿಲು

— ರಾಯಚೂರು ಸೀಮೆಯವರಿಗೆ ಬಿಸಿಲು ಹೊಸದೇನಲ್ಲ, ಡಾಕ್ಟರೇ. ನಮ್ಮಜ್ಜ ಇದೇ ಬಿಸಿಲಲ್ಲಿ ಕುಂಟೆ ಹೊಡೆದ. ನಮ್ಮವ್ವ ಬದುವಿನ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ, ಅದರಲ್ಲಿ ನಮ್ಮನ್ನು ಮಲಗಿಸಿ ಹತ್ತಿ ಬಿಡಿಸಿದಳು. ನಾವೇನು ಬೆಳೆಯಲಿಲ್ಲವೇ? ಬಿಸಿಲಿನಿಂದ ಮಕ್ಕಳ ಬೆಳವಣಿಗೆ ನಿಲ್ಲುತ್ತದೆ ಅಂತ ನೀವು ಹೇಳಿದರೆ ನಾನು ಪಂಚಾಯಿತಿ ಸಭೆಯಲ್ಲಿ ಅದನ್ನು ಹೇಗೆ ಒಪ್ಪಿಸಲಿ?

— ನೀವು ಬೆಳೆದಿರಿ, ನಿಜ. ನಿಮ್ಮ ಓಣಿಯಲ್ಲಿ ನಿಮ್ಮ ಜೊತೆ ಹುಟ್ಟಿ ಐದು ವರ್ಷ ದಾಟದೇ ಹೋದ ಕೂಸುಗಳ ಲೆಕ್ಕವನ್ನು ಆಗ ಯಾರೂ ಬರೆದಿಡಲಿಲ್ಲ. ಈಗ ಬರೆದಿಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಶೇ. 19.5 ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. ರಕ್ತಹೀನತೆ ಇರುವವರು ಶೇ. 65.5. ಇದು ಮಡಿಕೇರಿ, ಮಂಗಳೂರು ಎಲ್ಲ ಸೇರಿದ ಸರಾಸರಿ. ನಿಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಎತ್ತರ ಕುಂಠಿತವಾದ ಮಕ್ಕಳು ಅರ್ಧಕ್ಕಿಂತ ಹೆಚ್ಚು.

— ಅದು ಬಡತನದ ಲೆಕ್ಕ. ಬಿಸಿಲಿನ ತಲೆಗೆ ಯಾಕೆ ಕಟ್ಟುತ್ತೀರಿ? ಇನ್ನೊಂದು ಮಾತು. ನಮ್ಮ ಕಡೆ ಜನರೇ ಸ್ವಲ್ಪ ಗಿಡ್ಡ. ತಂದೆತಾಯಿ ಇದ್ದಂತೆ ಮಕ್ಕಳು.

— ಎರಡೂ ಮಾತಿಗೆ ಒಂದೇ ಕಡೆ ಉತ್ತರ ಸಿಗುತ್ತದೆ. 1997ರಿಂದ 2003ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಆರು ಊರುಗಳಲ್ಲಿ ಮಕ್ಕಳನ್ನು ಅಳೆಯಿತು. ನಾರ್ವೆಯ ಓಸ್ಲೊ, ಅಮೆರಿಕದ ಡೇವಿಸ್, ಬ್ರೆಜಿಲಿನ ಪೆಲೋಟಾಸ್, ಘಾನಾದ ಅಕ್ರಾ, ಒಮಾನಿನ ಮಸ್ಕತ್, ನಮ್ಮ ದಕ್ಷಿಣ ದೆಹಲಿ. ತಾಯಿಯ ಹಾಲು ಕುಡಿದ, ಹೊಟ್ಟೆ ತುಂಬ ಉಂಡ, ಕಾಯಿಲೆಗೆ ಚಿಕಿತ್ಸೆ ಸಿಕ್ಕ, ಒಳ್ಳೆಯ ಮನೆಯಲ್ಲಿ ಬೆಳೆದ ಮಕ್ಕಳನ್ನಷ್ಟೇ ಆರಿಸಿಕೊಂಡಿದ್ದರು. ಓಸ್ಲೊದ ಕೂಸೂ ದೆಹಲಿಯ ಕೂಸೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ಸಮನಾಗಿ ಎತ್ತರ ಬೆಳೆದವು. ಅಂಗನವಾಡಿಯ ಗೋಡೆಗೆ ತೂಗುಹಾಕಿರುವ ಬೆಳವಣಿಗೆಯ ನಕ್ಷೆ 2006ರಲ್ಲಿ ಬಂದಿದ್ದು ಆ ಅಳತೆಯಿಂದಲೇ. ಅಲ್ಲಿಗೆ ಐದು ವರ್ಷದೊಳಗಿನ ಮಟ್ಟಿಗೆ ವಂಶದ ಮಾತು ಮುಗಿಯಿತು. ಇನ್ನು ಮಸ್ಕತ್ ನೋಡಿ. ಅಲ್ಲಿಯ ಬೇಸಿಗೆ ರಾಯಚೂರಿಗಿಂತ ಏನೂ ಕಡಿಮೆಯಲ್ಲ.

— ಹಾಗಾದರೆ ನೀವೇ ನನ್ನ ಮಾತು ಒಪ್ಪಿದಂತಾಯಿತು! ಮಸ್ಕತ್ತಿನ ಮಕ್ಕಳು ಸುಡುವ ಊರಲ್ಲೂ ಸರಿಯಾಗಿ ಬೆಳೆದರು ಅಂದಮೇಲೆ ಬಿಸಿಲಿನ ತಪ್ಪೇನು?

— ಆ ಮಕ್ಕಳಿಗೂ ಆ ಬಿಸಿಲಿಗೂ ನಡುವೆ ಗೋಡೆ ಇತ್ತು. ತಂಪಾದ ಮನೆ, ಶುದ್ಧ ನೀರು, ಕೆಡದ ಊಟ, ಮಧ್ಯಾಹ್ನ ಹೊಲಕ್ಕೆ ಹೋಗಬೇಕಿಲ್ಲದ ತಾಯಿ. ನಿಮ್ಮ ತಗಡಿನ ಮನೆಯ ಕೂಸಿಗೆ ಆ ಗೋಡೆ ಇಲ್ಲ. ಬಡತನ, ಬಿಸಿಲು ಅಂತ ಎರಡು ಬೇರೆ ಖಾತೆ ತೆರೆದು ಕೂತರೆ ಲೆಕ್ಕ ತಪ್ಪುತ್ತದೆ. ಬಡತನ ಕೂಸನ್ನು ಬಯಲಿಗೆ ತಂದು ನಿಲ್ಲಿಸುತ್ತದೆ, ಬಿಸಿಲು ಅದರ ಮೈಯಿಂದ ವಸೂಲಿ ಮಾಡುತ್ತದೆ. ಪ್ರತಿ ವರ್ಷ ಬಿಸಿಲು ಏರುತ್ತ ಹೋದರೆ ವಸೂಲಿಯೂ ಏರುತ್ತದೆ.

— ಸರಿ, ಹೇಗೆ ವಸೂಲಿ ಮಾಡುತ್ತದೆ ಅಂತ ಬಿಡಿಸಿ ಹೇಳಿ. ದೊಡ್ಡವರಾದ ನಮಗೇ ಮಧ್ಯಾಹ್ನ ಹೊರಗೆ ಬಂದರೆ ತಲೆ ತಿರುಗುತ್ತದೆ. ಕೂಸಿಗೆ ಅದಕ್ಕಿಂತ ಬೇರೆ ಏನಾಗುತ್ತದೆ?

— ಹುಟ್ಟಿದ ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಮೈಯಿಂದ ಶಾಖ ಹೊರಗೆ ಹೋಗುವ ಬದಲು ಗಾಳಿಯ ಶಾಖವೇ ಮೈಯೊಳಗೆ ಇಳಿಯತೊಡಗುತ್ತದೆ. ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸಾಮಾನ್ಯ. ಹರವು ಹೆಚ್ಚಿದ್ದಷ್ಟೂ ಶಾಖ ಬೇಗ ಇಳಿಯುತ್ತದೆ. ಅದರ ಮೇಲೆ ಕೂಸು ಬೆವರುವುದೂ ಕಡಿಮೆ. ನೆರಳಿಗೆ ಎದ್ದು ಹೋಗಲಾರದು, ನೀರು ಬೇಕೆಂದು ಕೇಳಲಾರದು. ಬೇವಿನ ಗಿಡದ ಕೆಳಗಿನ ಜೋಳಿಗೆ ಬಹಳ ಒಳ್ಳೆಯ ಏರ್ಪಾಡಾಗಿತ್ತು. ನೆರಳು, ಗಾಳಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಹಾಲಿರುವ ತಾಯಿ. ಈಗ ಆ ಬೇವಿನ ಗಿಡಗಳು ಎಷ್ಟು ಬದುವಿನಲ್ಲಿ ಉಳಿದಿವೆ?

— ಕಡಿದು ಬಿಟ್ಟೆವು. ಟ್ರ್ಯಾಕ್ಟರ್ ತಿರುಗಲು ಅಡ್ಡ ಬರುತ್ತಿತ್ತು.

— ಇನ್ನು ಹಸಿವು. ಮೈ ತಂಪಿರಬೇಕೆಂದರೆ ರಕ್ತ ಚರ್ಮದ ಕಡೆ ಹೆಚ್ಚು ಹರಿಯಬೇಕು. ಆಗ ಕರುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಊಟ ಅರಗಿಸುವುದರಿಂದಲೂ ಮೈಯಲ್ಲಿ ಶಾಖ ಹುಟ್ಟುತ್ತದಲ್ಲ, ಹಾಗಾಗಿ ದೇಹ ಹಸಿವನ್ನೇ ತಗ್ಗಿಸಿಬಿಡುತ್ತದೆ. ನಾವು ನೀವು ಮಧ್ಯಾಹ್ನದ ರೊಟ್ಟಿ ಬಿಟ್ಟರೆ ರಾತ್ರಿ ಒಂದು ಹೆಚ್ಚು ಉಣ್ಣುತ್ತೇವೆ. ಎಂಟು ಕೆಜಿ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು ಕಾಲು ಲೀಟರು. ತಪ್ಪಿದ ಎರಡು ಊಟವನ್ನು ಮೂರನೆಯ ಊಟದಲ್ಲಿ ತುಂಬಲು ಅದಕ್ಕೆ ಜಾಗವೇ ಇಲ್ಲ. ಅಷ್ಟು ಸಣ್ಣ ಹೊಟ್ಟೆಯನ್ನು ಬೇಸಿಗೆಯಲ್ಲಿ ನಾವು ನೀರು ಗಂಜಿ, ಬಣ್ಣದ ಐಸ್‌ಕ್ಯಾಂಡಿ, ಅಂಗಡಿಯ ಸಿಹಿ ಪಾನೀಯದಿಂದ ತುಂಬಿಸುತ್ತೇವೆ. ಕೂಸು ಸುಮ್ಮನಾಗುತ್ತದೆ. ಸುಮ್ಮನಾದದ್ದನ್ನು ಹೊಟ್ಟೆ ತುಂಬಿತು ಅಂತ ತಿಳಿಯುತ್ತೇವೆ.

— ನೀರೂ ಕೊಡಬಾರದೆ? ಈ ಉರಿಯಲ್ಲಿ?

— ಆರು ತಿಂಗಳಾಗದ ಕೂಸಿಗೆ ಕೊಡಬಾರದು, ಈ ಉರಿಯಲ್ಲೂ ಕೊಡಬಾರದು. ಇದನ್ನು ನೀವು ಮನೆಮನೆಗೂ ಹೇಳಿಸಬೇಕು. ತಾಯಿಯ ಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ಮೇಲಿಂದ ಮೇಲೆ ಎದೆಗೆ ಹಾಕಿದರೆ ಕೂಸಿನ ದಾಹಕ್ಕೆ ಅದು ಸಾಕು. ನೀರು ಕುಡಿಸಿದಷ್ಟೂ ಕೂಸು ಹಾಲು ಕಡಿಮೆ ಕುಡಿಯುತ್ತದೆ, ಜೊತೆಗೆ ಹೊಲಸು ನೀರಿನ ರೋಗವೂ ಹೊಟ್ಟೆ ಸೇರುತ್ತದೆ. ನೀರು ಕುಡಿಯಬೇಕಾದವಳು ತಾಯಿ. ಅವಳ ಪಕ್ಕದಲ್ಲಿ ತಂಬಿಗೆ ಇಡಬೇಕು. ಆರು ತಿಂಗಳು ದಾಟಿದ ಮೇಲೆ ಕುದಿಸಿ ಆರಿಸಿದ ನೀರು ಕೊಡಬಹುದು, ಆದರೆ ಊಟಕ್ಕೆ ಮೊದಲು ಹೊಟ್ಟೆ ತುಂಬ ಅಲ್ಲ.

— ನಮ್ಮಲ್ಲಿ ಬೇಸಿಗೆ ಕೊನೆಗೆ, ಮಳೆ ಶುರುವಿಗೆ, ಮಕ್ಕಳಿಗೆಲ್ಲ ಭೇದಿ ಹತ್ತುತ್ತದೆ. ಹೆಂಗಸರು ಹಲ್ಲು ಬರುವ ಭೇದಿ ಅನ್ನುತ್ತಾರೆ.

— ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ. ಹಲ್ಲು ಬರುವ ವಯಸ್ಸಿಗೇ ಕೂಸು ಅಂಬೆಗಾಲಿಟ್ಟು ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಮೇಲೂಟ ಶುರುವಾಗುತ್ತದೆ, ಅದಕ್ಕೆ ಹಾಗೆ ಕಾಣುತ್ತದೆ. ಬಿಸಿಲಿಗೂ ಭೇದಿಗೂ ಸಂಬಂಧವಿದೆ, ಬಲವಾದ ಸಂಬಂಧ. ಪೆರು ದೇಶದ ಲಿಮಾದಲ್ಲಿ ಒಂದು ದೊಡ್ಡ ಮಕ್ಕಳ ಆಸ್ಪತ್ರೆಯ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಉಷ್ಣತೆ ಒಂದು ಡಿಗ್ರಿ ಏರಿದರೆ ಭೇದಿಯಿಂದ ಆಸ್ಪತ್ರೆ ಸೇರುವ ಮಕ್ಕಳು ಶೇ. 8ರಷ್ಟು ಹೆಚ್ಚುತ್ತಿದ್ದರು. ಪೆಸಿಫಿಕ್ ಸಾಗರ ಬಿಸಿಯೇರಿದ 1997-98ರ ಎಲ್ ನಿನೊ ಕಾಲದಲ್ಲಿ, ವಾಡಿಕೆಗಿಂತ ಐದು ಡಿಗ್ರಿಯವರೆಗೂ ಬಿಸಿಯಾದಾಗ, ಆ ಸಂಖ್ಯೆ ಎರಡು ಪಟ್ಟಾಯಿತು. ಕಾರಣ ಅಡುಗೆಮನೆಯಲ್ಲೇ ಇದೆ. ಮುಂಜಾನೆ ಮಾಡಿದ ಅನ್ನದ ಮೇಲೆ ಕೂತ ರೋಗಾಣು ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ತಗಡಿನ ಮನೆಯೊಳಗಿನ ಮಧ್ಯಾಹ್ನಕ್ಕಿಂತ ಹೆಚ್ಚಿನ ಅನುಕೂಲ ಅದಕ್ಕೆ ಬೇಕೆ? ಅದರ ಜೊತೆ ನಿಮ್ಮ ನೀರು. ಬೇಸಿಗೆಯಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ?

— ಕೇಳಬೇಡಿ. ಡ್ರಮ್ಮಿನಲ್ಲಿ ತುಂಬಿಟ್ಟು ವಾರಗಟ್ಟಲೆ ಕುಡಿಯುತ್ತೇವೆ.

— ಆ ಡ್ರಮ್ಮಿನಲ್ಲಿ ಎಲ್ಲರ ಕೈ ಅದ್ದಿರುತ್ತದೆ. ಒಂದು ಸಲ ಭೇದಿಯಾದರೆ ಕೂಸು ಉಂಡದ್ದು ಮೈಗೆ ಹತ್ತುವುದಿಲ್ಲ. ಮೇಲಿಂದ ಮೇಲೆ ಆದರೆ ಕರುಳಿನ ಒಳಪದರವೇ ಸವೆಯುತ್ತದೆ. ಭೇದಿ ನಿಂತ ಮೇಲೂ ಆ ಕರುಳು ಸಾರ ಹೀರುವುದಿಲ್ಲ. ಜ್ವರ ಬಂದರೆ ಇನ್ನೊಂದು ನಷ್ಟ: ಮೈ ಬಿಸಿ ಒಂದು ಡಿಗ್ರಿ ಏರಿದರೆ ದೇಹಕ್ಕೆ ಬೇಕಾದ ಶಕ್ತಿ ಹತ್ತನೇ ಒಂದು ಪಾಲು ಹೆಚ್ಚಾಗುತ್ತದೆ. ಹೀಗೆ ಒಂದೇ ಬೇಸಿಗೆಯಲ್ಲಿ ಒಳಬರುವುದು ಕಡಿಮೆ, ಒಳಬಂದದ್ದು ನಿಲ್ಲುವುದು ಕಡಿಮೆ, ಖರ್ಚು ಮಾತ್ರ ಹೆಚ್ಚು. ಹುಟ್ಟಿದ ಕೂಸು ಮೊದಲ ವರ್ಷ ಸುಮಾರು 25 ಸೆಂಟಿಮೀಟರ್ ಬೆಳೆಯಬೇಕು, ಎರಡನೆಯ ವರ್ಷ ಸುಮಾರು 12. ತಿಂಗಳಿಗೆ ಎರಡು ಸೆಂಟಿಮೀಟರ್ ಬೆಳೆಯುವ ವಯಸ್ಸಿನಲ್ಲಿ ಮೂರು ತಿಂಗಳು ಕೈಬಿಟ್ಟರೆ ಏನಾಗುತ್ತದೆ, ನೀವೇ ಹೇಳಿ.

— ಜೋಳ ತೆನೆ ಬಿಡುವಾಗ ನೀರು ತಪ್ಪಿದಂತೆ ಆಗುತ್ತದೆ. ಆಮೇಲೆ ಎಷ್ಟು ಮಳೆ ಹೊಡೆದರೂ ದಂಟು ಹಸಿರಾಗಬಹುದು, ಕಾಳು ತುಂಬುವುದಿಲ್ಲ.

— ಜೋಳದಷ್ಟು ಕಠಿಣವಲ್ಲ, ಅದೇ ನಮಗೆ ಉಳಿದಿರುವ ಆಸೆ. ಬೇಸಿಗೆಯಲ್ಲಿ ಸೊರಗಿದ ಕೂಸಿಗೆ ಮುಂದಿನ ತಿಂಗಳುಗಳಲ್ಲಿ ಒಳ್ಳೆಯ ಊಟ ಸಿಕ್ಕರೆ, ಕಾಯಿಲೆ ಬರದಿದ್ದರೆ, ತೂಕ ಬೇಗ ಬರುತ್ತದೆ, ಎತ್ತರವೂ ಸ್ವಲ್ಪ ಸರಿಹೋಗುತ್ತದೆ. ನಿಮ್ಮ ಸೀಮೆಯ ಪಂಚಾಂಗದಲ್ಲಿ ಆ ಬಿಡುವು ಸಿಗುವುದು ಯಾವಾಗ? ಬೇಸಿಗೆಯ ಬೆನ್ನಿಗೇ ಮಳೆಗಾಲದ ಭೇದಿ, ಜ್ವರ. ಅದೇ ಹೊತ್ತಿಗೆ ಬಿತ್ತನೆಗೆ ದುಡ್ಡೆಲ್ಲ ಹೋಗಿ ಮನೆಯಲ್ಲಿ ಕಾಳು ತೀರಿರುತ್ತದೆ. ತಾಯಿ ಕಳೆ ತೆಗೆಯಲು ಮುಂಜಾನೆಯೇ ಹೋಗುತ್ತಾಳೆ. ಹಬ್ಬಗಳು ಮುಗಿದು ರಾಶಿ ಬರುವ ಹೊತ್ತಿಗೆ ಚಳಿಗಾಲದ ಎರಡು ಮೂರು ತಿಂಗಳು ಸಿಗುತ್ತದೆ. ಕೂಸು ಮೇಲೇಳುವಷ್ಟರಲ್ಲಿ ಶಿವರಾತ್ರಿ ಮುಗಿದು ಮತ್ತೆ ಬಿಸಿಲು. ಈ ಬಿಸಿಲು ಫೆಬ್ರವರಿಯಲ್ಲೇ ಶುರುವಾಗಿ ಜೂನ್ ದಾಟಿ ಹೋಗತೊಡಗಿದರೆ ಇರುವ ಬಿಡುವೂ ಇಲ್ಲ. ಹವಾಮಾನ ಬದಲಾವಣೆ ಅಂದರೆ ಕೂಸಿನ ಮಟ್ಟಿಗೆ ಇದೇ: ಸುಧಾರಿಸಿಕೊಳ್ಳುವ ತಿಂಗಳುಗಳು ಕಳೆದುಹೋಗುವುದು.

— ಇದನ್ನು ನಾನು ಯೋಚಿಸಿರಲಿಲ್ಲ. ನಾವು ಉಷ್ಣತೆ ಎಷ್ಟು ಏರಿತು ಅಂತ ಪೇಪರಿನಲ್ಲಿ ನೋಡುತ್ತೇವೆ, ಎಷ್ಟು ದಿನ ನಿಂತಿತು ಅಂತ ನೋಡುವುದಿಲ್ಲ.

— ರಾತ್ರಿಯನ್ನೂ ನೋಡಬೇಕು. ರಾತ್ರಿ ತಂಪಾಗದಿದ್ದರೆ ಕೂಸು ನಿದ್ದೆ ಮಾಡುವುದಿಲ್ಲ, ತಾಯಿಯೂ ಮಾಡುವುದಿಲ್ಲ. ಹಿಂದೆ ನಿಮ್ಮಲ್ಲಿ ಮಣ್ಣಿನ ಮಾಳಿಗೆ, ದಪ್ಪ ಕಲ್ಲಿನ ಗೋಡೆ ಇದ್ದವು. ಹೊರಗಿನ ಬಿಸಿ ಒಳಗೆ ಬರುವುದಕ್ಕೆ ಸಂಜೆಯಾಗುತ್ತಿತ್ತು, ಆ ಹೊತ್ತಿಗೆ ಎಲ್ಲರೂ ಅಂಗಳದಲ್ಲಿರುತ್ತಿದ್ದರು. ಈಗ ತಗಡು, ಇಲ್ಲವೇ ತೆಳುವಾದ ಕಾಂಕ್ರೀಟ್ ಛತ್ತು. ಅಹಮದಾಬಾದಿನ ಒಂದು ಆಸ್ಪತ್ರೆಯ ಕಥೆ ಹೇಳುತ್ತೇನೆ. 2010ರ ಮೇ ತಿಂಗಳಲ್ಲಿ ಆ ನಗರದಲ್ಲಿ ಭಾರೀ ಬಿಸಿಗಾಳಿ ಬೀಸಿ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಕಟ್ಟಡದ ತುತ್ತತುದಿಯ ಮಹಡಿಯಲ್ಲಿ, ಕಾದ ಛತ್ತಿನ ಕೆಳಗೇ ಇತ್ತು. ಹುಟ್ಟಿದ ಕೂಸುಗಳು ಮೈ ಸುಡುತ್ತ ತೀವ್ರ ನಿಗಾ ಘಟಕಕ್ಕೆ ಬರತೊಡಗಿದವು. ಆಮೇಲೆ ದಾಖಲೆ ತೆಗೆದು ನೋಡಿದರೆ, 42 ಡಿಗ್ರಿ ದಾಟಿದ ಮೇಲೆ ಏರಿದ ಒಂದೊಂದು ಡಿಗ್ರಿಗೂ ಹಾಗೆ ಬರುವ ಕೂಸುಗಳು ಶೇ. 43ರಷ್ಟು ಹೆಚ್ಚಿದ್ದವು. ವಾರ್ಡನ್ನು ಕೆಳಮಹಡಿಗೆ ಇಳಿಸಿದರು, ಅಷ್ಟೇ. ಹೊಸ ಯಂತ್ರ ತರಲಿಲ್ಲ, ಔಷಧಿ ತರಲಿಲ್ಲ. ಅಪಾಯ ಶೇ. 64ರಷ್ಟು ಇಳಿಯಿತು.

— ಬರೀ ಕೆಳಗೆ ಇಳಿಸಿದ್ದಕ್ಕೆ?

— ಬರೀ ಅಷ್ಟಕ್ಕೆ. ಛತ್ತು ಅಂದರೆ ಅಷ್ಟು. ಅದಕ್ಕೇ ನಾನು ಅಂಗನವಾಡಿಯ ಛತ್ತಿನ ಬಗ್ಗೆ ಪದೇ ಪದೇ ಹೇಳುವುದು. ಕಾದ ತಗಡಿನ ಕೆಳಗೆ ಕೂತ ಮೂರು ವರ್ಷದ ಮಗುವಿಗೆ ನೀವು ಎಷ್ಟೇ ಒಳ್ಳೆಯ ಕಿಚಡಿ ಬಡಿಸಿದರೂ ಅದು ಅರ್ಧ ಬಿಡುತ್ತದೆ. ಆಹಾರದ ದುಡ್ಡು ಖರ್ಚಾಯಿತು, ಪುಸ್ತಕದಲ್ಲಿ ದಾಖಲಾಯಿತು, ಮಗುವಿನ ಮೈಗೆ ಬರಲಿಲ್ಲ. ಛತ್ತನ್ನೂ ಆಹಾರದ ಲೆಕ್ಕಕ್ಕೇ ಸೇರಿಸಬೇಕು.

— ತಾಯಂದಿರ ಮಾತು ಆಗಲೇ ಎತ್ತಿದಿರಿ. ನಮ್ಮೂರಲ್ಲಿ ಬಸುರಿ ಹೆಂಗಸರು ಏಳೆಂಟು ತಿಂಗಳವರೆಗೂ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಬೇಡ ಅಂದರೆ ಕೂಲಿ ಯಾರು ಕೊಡುತ್ತಾರೆ?

— ಬೇಡ ಅನ್ನುವುದರಿಂದ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಅಪಾಯ ಎಷ್ಟು ಅಂತಲಾದರೂ ಗೊತ್ತಿರಬೇಕು. ತಮಿಳುನಾಡಿನಲ್ಲಿ 800 ಗರ್ಭಿಣಿಯರನ್ನು ಅನುಸರಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಸುಡು ಶಾಖದಲ್ಲಿ ದುಡಿದವರಲ್ಲಿ ಗರ್ಭಪಾತ, ಸತ್ತ ಕೂಸು ಹುಟ್ಟುವುದು ಮುಂತಾದ ಅಪಾಯ ಎರಡು ಪಟ್ಟಿನಷ್ಟಿತ್ತು. ಬದುಕಿ ಹುಟ್ಟಿದ ಕೂಸಿನ ಮೇಲೂ ಬಿಸಿಲು ಗುರುತು ಬಿಡುತ್ತದೆ. 27 ದೇಶಗಳ 70 ಅಧ್ಯಯನಗಳನ್ನು ಒಟ್ಟು ಮಾಡಿ 2020ರಲ್ಲಿ ನೋಡಿದಾಗ, ಉಷ್ಣತೆ ಏರಿದಂತೆಲ್ಲ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚುತ್ತಿತ್ತು, ಬಿಸಿಗಾಳಿಯ ದಿನಗಳಲ್ಲಿ ಇನ್ನಷ್ಟು. ತಿಂಗಳು ತುಂಬದೆ, ತೂಕವಿಲ್ಲದೆ ಹುಟ್ಟಿದ ಕೂಸು ಓಟವನ್ನು ಹಿಂದಿನಿಂದಲೇ ಶುರುಮಾಡುತ್ತದೆ.

— ಸಣ್ಣದಾಗಿ ಹುಟ್ಟಿದರೂ ಆಮೇಲೆ ಚೆನ್ನಾಗಿ ತಿಂದರೆ ಸರಿಹೋಗುತ್ತದೆ ಅಂತಾರಲ್ಲ?

— ನಮ್ಮ ಮೈಸೂರಿನ ಒಂದು ಆಸ್ಪತ್ರೆ ಇದಕ್ಕೆ ಜಗತ್ತಿಗೇ ಪಾಠ ಹೇಳಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ಅಲ್ಲಿ ಬರೆದುಕೊಂಡ ದಾದಿಯರಿಗೆ ಅದರ ಬೆಲೆ ಮುಂದೆ ಏನಾಗುತ್ತದೆಂದು ಗೊತ್ತಿರಲಿಕ್ಕಿಲ್ಲ, ಆದರೆ ಎಷ್ಟು ಶ್ರದ್ಧೆಯಿಂದ ಬರೆದಿದ್ದಾರೆ! ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿದರು, ಆಗ ಅವರಿಗೆ ನಡುವಯಸ್ಸು ದಾಟಿತ್ತು. 1996ರಲ್ಲಿ ಫಲಿತಾಂಶ ಬಂತು: ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕೆಜಿಗಿಂತ ಹೆಚ್ಚಿದ್ದವರಲ್ಲಿ ಶೇ. 3. ಗರ್ಭದಲ್ಲಿ ಸಿಗದೇ ಹೋದದ್ದು ಐವತ್ತರ ವಯಸ್ಸಿಗೆ ಎದೆನೋವಾಗಿ ಬರುತ್ತದೆ. ಆದ್ದರಿಂದ ಬಸುರಿಯ ಬೇಸಿಗೆಯನ್ನು ಹೇಗೋ ಕಳೆದರಾಯಿತು ಅಂತ ಬಿಡುವ ಹಾಗಿಲ್ಲ.

— ಕೆಲಸದ ಹೊತ್ತನ್ನಾದರೂ ಬದಲಿಸಬಹುದು. ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಮುಂಜಾನೆ ಎಂಟಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವಲ್ಲ.

— ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ರಿಯಾಯಿತಿ ಹೊಲದಲ್ಲಿರುವ ಬಸುರಿಗೆ ಯಾಕೆ ಸಿಗಬಾರದು? ಉದ್ಯೋಗ ಖಾತ್ರಿಯ ಕೆಲಸದಲ್ಲಿ ನಿಮ್ಮ ಭಾಗಕ್ಕೆ ಬೇಸಿಗೆಯ ಅಳತೆ ಕಡಿಮೆ ಮಾಡಿ ಪೂರ್ತಿ ಕೂಲಿ ಕೊಡುವ ಪದ್ಧತಿ ಬಂದಿದ್ದು ಒಳ್ಳೆಯದು. ಬಸುರಿಯರಿಗೆ, ಹಾಲೂಡಿಸುವವರಿಗೆ ಬೆಳಿಗ್ಗೆ ಹತ್ತರೊಳಗೆ ಮುಗಿಯುವ ನೆರಳಿನ ಕೆಲಸವನ್ನೇ ಹಚ್ಚುವುದು ಪಂಚಾಯಿತಿಯ ಕೈಯಲ್ಲಿದೆ. ಸರ್ಕಾರ 2023ರಲ್ಲಿ ಶುರು ಮಾಡಿದ ಕೂಸಿನ ಮನೆಗಳಿವೆ, ದುಡಿಯಲು ಹೋದವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು. ಅದು ನಡೆಯುವ ಕೋಣೆ ತಂಪಾಗಿದೆಯೇ, ತಾಯಿ ಎರಡು ತಾಸಿಗೊಮ್ಮೆ ಬಂದು ಹಾಲು ಕೊಟ್ಟು ಹೋಗುವಷ್ಟು ಹತ್ತಿರವಿದೆಯೇ ಎಂದು ನೋಡಿದ್ದೀರಾ?

— ನೋಡುತ್ತೇನೆ. ಈಗ ಊಟದ ವಿಷಯ ಹೇಳಿ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುತ್ತಾರೆ, ಬೇಸಿಗೆಯಲ್ಲಿ ಎಷ್ಟೋ ಮನೆಯವರು ಬೇಡ ಅನ್ನುತ್ತಾರೆ. ಉಷ್ಣ ಆಗುತ್ತದಂತೆ.

— ಈ ಒಂದು ನಂಬಿಕೆಯಿಂದ ಆಗುವ ನಷ್ಟ ನೋಡಿದರೆ ನನಗೆ ಸಂಕಟವಾಗುತ್ತದೆ. ಮೊಟ್ಟೆ ಉಷ್ಣ, ಶೇಂಗಾ ಉಷ್ಣ, ಬೆಲ್ಲ ಉಷ್ಣ, ಪಪ್ಪಾಯಿ ಉಷ್ಣ. ಇವೆಲ್ಲವನ್ನೂ ತೆಗೆದರೆ ಬಡವರ ಕೂಸಿಗೆ ಉಳಿಯುವುದೇನು? ನೀರು ಅನ್ನ. ಕೂಸಿಗೆ ಕೊಡುವ ಒಂದು ಮೊಟ್ಟೆಯಿಂದ ಮೈಯುಷ್ಣತೆ ಏರುವುದಿಲ್ಲ. ಆರು ಗ್ರಾಂ ಒಳ್ಳೆಯ ಪ್ರೋಟೀನು ಸಿಗುತ್ತದೆ, ಸಣ್ಣ ಹೊಟ್ಟೆಯಲ್ಲಿ ಕಡಿಮೆ ಜಾಗ ತೆಗೆದುಕೊಳ್ಳುತ್ತದೆ. ಹಸಿವಿಲ್ಲದ ಕಾಲಕ್ಕೆ ಅದಕ್ಕಿಂತ ಹೊಂದುವ ಆಹಾರ ಬೇರೆ ಇಲ್ಲ. ಬಿಸಿಲಿನ ನಡುಮಧ್ಯಾಹ್ನ ಕೊಡಬೇಡಿ, ಮುಂಜಾನೆ ಕೊಡಿ. ಅಷ್ಟೇ ಬದಲಾವಣೆ.

— ಕೋಳಿಗಳೂ ಬೇಸಿಗೆಯಲ್ಲಿ ಮೊಟ್ಟೆ ಕಡಿಮೆ ಇಡುತ್ತವೆ. ಎಮ್ಮೆ ಹಾಲೂ ಕಡಿಮೆ.

— ಅದೂ ಬಿಸಿಲಿನ ಕೆಲಸವೇ. ಕೋಳಿಯೂ ಎಮ್ಮೆಯೂ ನಮ್ಮ ಕೂಸಿನಂತೆಯೇ ಮೇವು ಬಿಡುತ್ತವೆ. ಮೊಟ್ಟೆ, ಹಾಲು, ಸೊಪ್ಪು, ತರಕಾರಿ ಎಲ್ಲದರ ಬೆಲೆ ಕೂಸಿಗೆ ಅವು ಹೆಚ್ಚು ಬೇಕಾದ ತಿಂಗಳಲ್ಲೇ ಏರುತ್ತದೆ. 2023ರಂತೆ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಬಿದ್ದರಂತೂ ಮರುವರ್ಷದ ಬೇಸಿಗೆ ಇಮ್ಮಡಿ ಕಠಿಣ. ಸಂತೆಯಿಂದ ಮೊದಲು ಕಡಿತವಾಗುವುದು ಮಕ್ಕಳ ಬಾಳೆಹಣ್ಣು. ಧಾನ್ಯದೊಳಗೂ ಬದಲಾವಣೆ ನಡೆದಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಂತೆ ಗೋಧಿ, ಅಕ್ಕಿಯಲ್ಲಿ ಸತು, ಕಬ್ಬಿಣ, ಪ್ರೋಟೀನು ಕಡಿಮೆಯಾಗುತ್ತವೆ. ಈ ಶತಮಾನದ ನಡುಭಾಗಕ್ಕೆ ಎಷ್ಟಿರಬಹುದೋ ಅಷ್ಟು ಇಂಗಾಲ ಹಾಯಿಸಿ ಬೆಳೆದ ಗೋಧಿಯಲ್ಲಿ ಸತು ಶೇ. 9ರಷ್ಟು, ಕಬ್ಬಿಣ ಶೇ. 5ರಷ್ಟು ಇಳಿದಿದ್ದನ್ನು 2014ರಲ್ಲಿ ತೋರಿಸಿದರು. ಜೋಳದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಜೋಳ, ಸಜ್ಜೆ, ಮೆಕ್ಕೆಜೋಳ ಇಂಗಾಲವನ್ನು ಬೇರೆ ದಾರಿಯಲ್ಲಿ ಹಿಡಿಯುವ ಗಿಡಗಳು.

— ನಮ್ಮ ಜೋಳಕ್ಕೆ ಒಳ್ಳೆಯ ಮಾತು ಕೇಳಿ ಸಂತೋಷವಾಯಿತು. ಆದರೆ ಪಡಿತರದ ಅಕ್ಕಿ ಬಂದ ಮೇಲೆ ಮಕ್ಕಳಿಗೆ ಅನ್ನವೇ ರೂಢಿ. ಬಿಸಿಲಿಗೆ ಒಗ್ಗುವ ಬೆಳೆ ಹೊಲದಲ್ಲೂ ಕಡಿಮೆ, ತಟ್ಟೆಯಲ್ಲೂ ಕಡಿಮೆ.

— ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಮೊಸರು ಕಲಸಿ, ಒಂದು ಚಮಚ ಎಣ್ಣೆ ಇಲ್ಲವೇ ತುಪ್ಪ, ಖಾರವಿಲ್ಲದ ಶೇಂಗಾ ಪುಡಿ ಹಾಕಿ ಮುಂಜಾನೆ ಏಳಕ್ಕೆ ಕೊಡಿ. ಒಂಬತ್ತು ತಿಂಗಳ ಕೂಸಿಗೆ ನಿಮ್ಮ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಬೇಸಿಗೆಯ ಊಟ ನನಗೆ ಗೊತ್ತಿಲ್ಲ. ಮಧ್ಯಾಹ್ನ ಸ್ವಲ್ಪ ಸ್ವಲ್ಪ, ಹೊತ್ತು ಮುಳುಗಿ ತಂಪಾದ ಮೇಲೆ ಮತ್ತೆ ದೊಡ್ಡ ಊಟ, ಮಲಗುವ ಮುಂಚೆ ಇನ್ನೊಂದು ಸಲ. ಶೇಂಗಾ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಕಾಯಿ ಕಟ್ಟುವ ಕೊನೆಗೆ ಬರ, ಬಿಸಿ ಬಿದ್ದರೆ ಶೇಂಗಾದಲ್ಲಿ ಒಂದು ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಅನ್ನುವ ವಿಷ ಕೂಡುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಪಶ್ಚಿಮ ಆಫ್ರಿಕಾದ ಬೆನಿನ್, ಟೋಗೋ ದೇಶಗಳ ಮಕ್ಕಳ ರಕ್ತದಲ್ಲಿ ಈ ವಿಷ ಹೆಚ್ಚಿದ್ದಷ್ಟೂ ಎತ್ತರ ಕಡಿಮೆಯಿದ್ದದ್ದು ಕಂಡುಬಂದಿದೆ. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಆರಿಸಿ ಬಿಸಾಡಬೇಕು. ಮಾರಲು ಹೋಗದ ಕಾಳು ಮನೆಗೆ ಉಳಿಯಲಿ ಅಂತ ಮಕ್ಕಳ ಚಿಕ್ಕಿಗೆ ಹಾಕಬಾರದು.

— ಹಾಗೇ ಮಾಡುತ್ತೇವೆ, ಸುಳ್ಳು ಹೇಳುವುದಿಲ್ಲ. ಭೇದಿಗೆ ಏನು ಮಾಡಬೇಕು?

— ಓಆರ್‌ಎಸ್ ಪಾಕೀಟು ಮತ್ತು ಸತುವಿನ ಮಾತ್ರೆ. ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10, ಹದಿನಾಲ್ಕು ದಿನ. ಭೇದಿ ನಿಂತಿತೆಂದು ಮಾತ್ರೆ ನಿಲ್ಲಿಸಬಾರದು. ಊಟವನ್ನಂತೂ ನಿಲ್ಲಿಸಲೇಬಾರದು, ಹಾಲು ನಿಲ್ಲಿಸಬಾರದು. ಕೂಸು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ಅದೇ ಗಳಿಗೆ ಆಸ್ಪತ್ರೆಗೆ ತನ್ನಿ. ತೋಳಿನ ಸುತ್ತಳತೆಯ ಪಟ್ಟಿ ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ. ಆರು ತಿಂಗಳು ದಾಟಿದ ಮಗುವಿನ ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ನಾಳೆಗೆ ಅಂತ ಕಾಯುವ ಮಾತಿಲ್ಲ.

— ಸದಸ್ಯರ ಮುಂದೆ ನಾನು ಇಷ್ಟೆಲ್ಲ ಹೇಳಲಾರೆ. ಕೇಳಿಸಿಕೊಳ್ಳುವುದೂ ಇಲ್ಲ. ಏನು ಠರಾವು ಮಾಡಬೇಕು ಅದನ್ನು ಹೇಳಿ.

— ಅಂಗನವಾಡಿ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ಟಿ. ನರಸೀಪುರದಲ್ಲಿ. ಪಕ್ಕದಲ್ಲೇ ಕಾವೇರಿ ಹರಿಯುವ ಊರು. ಅಲ್ಲಿಗೂ ನಿಮ್ಮೂರಿಗೂ ಒಂದೇ ನಿಯಮ, ಒಂದೇ ವೇಳಾಪಟ್ಟಿ ಆದರೆ ಹೊಂದುವುದಿಲ್ಲ. ವರ್ಷಕ್ಕೆ 300 ದಿನ ಪೂರಕ ಆಹಾರ ಕೊಡಬೇಕೆಂದಿದೆ. ಆ 300ರಲ್ಲಿ ನಿಮ್ಮ ಊರಿಗೆ ಹೆಚ್ಚು ಬೆಲೆಯ ದಿನಗಳು ಮಾರ್ಚ್ ಕೊನೆಯಿಂದ ಜುಲೈ ಕೊನೆಯವರೆಗಿನವು. ಮಕ್ಕಳು ಬಿಸಿಲಿಗೆ ಬರುತ್ತಿಲ್ಲ ಅಂತ ಆ ತಿಂಗಳಲ್ಲೇ ಒಲೆ ಆರಬಾರದು. ಬೆಳಿಗ್ಗೆ ಎಂಟಕ್ಕೆ ಬಿಸಿ ಊಟ, ಹನ್ನೊಂದರೊಳಗೆ ಮಕ್ಕಳು ಮನೆಗೆ. ಬರದ ಮಗುವಿನ ಪಾಲು ಮನೆಗೆ ಹೋಗಲಿ. ಬೇಸಿಗೆ ಶುರುವಿಗೊಂದು, ಮುಗಿದ ಮೇಲೊಂದು ತೂಕ ನೋಡಿ ಪಕ್ಕಪಕ್ಕ ಬರೆಯಲಿ. ಇಳಿದ ಮಕ್ಕಳ ಮನೆಗೆ ಸದಸ್ಯರೇ ಒಮ್ಮೆ ಹೋಗಿ ಬರಲಿ. ಕುಡಿಯುವ ನೀರಿನ ಟ್ಯಾಂಕರ್ ಯಾವ ಓಣಿಗೆ ಮೊದಲು ಹೋಗಬೇಕೆಂದು ನಿರ್ಧರಿಸುವಾಗ ಎರಡು ವರ್ಷದೊಳಗಿನ ಮಕ್ಕಳಿರುವ ಓಣಿಗಳ ಪಟ್ಟಿ ಮುಂದಿಟ್ಟುಕೊಳ್ಳಿ. ಹೊಸ ಕಟ್ಟಡ ಕಟ್ಟಿದರೆ ತಗಡು ಹಾಕಬೇಡಿ, ಸುತ್ತ ಬೇವು, ಹೊಂಗೆ ಹಚ್ಚಿ.

— ಹಳೆಯ ತಗಡಿನ ಕಟ್ಟಡಗಳಿಗೆ? ಹೊಸದಕ್ಕೆ ದುಡ್ಡು ಬರುವವರೆಗೆ?

— ಬಿಳಿ ಬಣ್ಣ. ಛತ್ತಿಗೆ ದಪ್ಪನಾಗಿ ಸುಣ್ಣವೋ ಬಿಸಿಲು ಹಿಂದೆ ತಳ್ಳುವ ಬಿಳಿ ಬಣ್ಣವೋ ಹಚ್ಚಿದರೆ ಒಳಗಿನ ಬಿಸಿ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯುತ್ತದೆ. ನಿಮ್ಮ ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ಮಾಡಿದೆ. ನಿಮಗೆ ನೀತಿಗೆ ಕಾಯುವ ಅಗತ್ಯವಿಲ್ಲ. ಯುಗಾದಿಗೆ ಊರಿನ ಪ್ರತಿ ಮನೆಯೂ ಸುಣ್ಣ ಕಾಣುತ್ತದೆ. ಈ ವರ್ಷ ಹೋಳಿ ಹುಣ್ಣಿಮೆಯೊಳಗೆ ಠರಾವು ಮಾಡಿ, ಯುಗಾದಿಗೆ ಮೊದಲು ನಿಮ್ಮ ಪಂಚಾಯಿತಿಯ ಎಲ್ಲ ಅಂಗನವಾಡಿಗಳ ಛತ್ತಿಗೂ ಕೂಸಿನ ಮನೆಯ ಛತ್ತಿಗೂ ಸುಣ್ಣ ಬಳಿಸಿ. ಜೂನ್ ತಿಂಗಳ ಗ್ರಾಮಸಭೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯನ್ನು ಮುಂದೆ ಕೂರಿಸಿ, ಬೇಸಿಗೆಯಲ್ಲಿ ತೂಕ ಇಳಿದ ಮಕ್ಕಳು ಎಷ್ಟು ಎಂಬುದನ್ನು ಎಲ್ಲರಿಗೂ ಕೇಳುವಂತೆ ಓದಿಸಿ.